ಪುಣೇದ ಹೋಳಗಿ, ಬನಹಟ್ಟಿ ಹೊಟ್ಟಿಕಿಚ್ಚು

ಬ್ಯಾರೆ ಮಂದಿ ಮನ್ಯಾಗ ಗಂಡ ಹೆಂಡತಿ ಜಗಳ ಆಡತಾರಂದ್ರ ಅದಕ್ಕೊಂದು ಕಾರಣ ಇರತೈತಿ. ಹೊಲ ಇರತೈತಿ, ಬಂಗಾರ ಇರತೈತಿ, ಇಲ್ಲಾಂದ್ರ ನಾದಿನಿ ಇರತಾಳ. ನಮ್ಮ ಮನ್ಯಾಗ ಜಗಳ ಆಗೂದು ಮಿಸಳ್ ಸಲುವಾಗಿ, ಬಾಸುಂದಿ ಸಲುವಾಗಿ. ಅದೂ ಒಮ್ಮೆ ಆಗಿ ಮುಗಿದು ಹೋಗೂ ಜಗಳಲ್ಲ. ನಮ್ಮ ಮನಿಯವ್ರು ಪುಣೇಕ್ಕ ಹೋಗಿ ಬಂದಾಗೊಮ್ಮೆ ಒಂದು ಆಗಾಕ ಬೇಕು.

ನಮ್ಮದು ರಬಕವಿ-ಬನಹಟ್ಟಿ. ಮನ್ಯಾಗ ಮಗ್ಗ ಅದಾವ, ಸೀರಿ ನೇಯೂದು ನಮ್ಮ ಉದ್ಯೋಗ. ನಮ್ಮ ಮನಿಯವ್ರು ತಿಂಗಳಿಗೊಮ್ಮೆ ಸೀರಿ ಗಂಟ ಕಟಗೊಂಡ ಪುಣೇಕ್ಕ ಹೋಗಿ ಅಲ್ಲಿ ಅಂಗಡಿಗೋಳಿಗೆ ಹಾಕಿ ಬರತಾರ. ವ್ಯಾಪಾರ ಮುಂಜಾನೆ ಮುಗೀತೈತಿ. ಉಳದ ಹೊತ್ತೆಲ್ಲಾ ಗಲ್ಲಿ ಗಲ್ಲಿ ತಿರುಗಿ ತಿನ್ನೂದು. ಯಾವ ಗಲ್ಲ್ಯಾಗ ಯಾವ ಸಣ್ಣ ಹೋಟೆಲ್‌ನ್ಯಾಗ ಏನು ಛಲೋ ಸಿಗತೈತಿ ಅನ್ನೂದು ಇವರಿಗೆ ಬಾಯಿಪಾಠ. ನಮ್ಮ ಮನ್ಯಾಗ ಸಕ್ರಿ ಡಬ್ಬಿ ಎಲ್ಲೈತಿ ಅಂತ ಕೇಳ್ರಿ, ಗೊತ್ತಿಲ್ಲ.

ನನ್ನ ಕೈ ಅಡಿಗಿ ಬಗ್ಗೆ ನಾನ ಹೇಳಕೊಂಡ್ರ ಛಲೋ ಅಲ್ಲ, ನಮ್ಮ ಓಣ್ಯಾಗ ಯಾರನ್ನರ ಕೇಳ್ರಿ. ಆದ್ರ ಮದವಿ ಆದಾಗಿಂದ ನಮ್ಮ ಮನಿಯವ್ರ ಬಾಯಾಗ ಒಂದು ಮಾತು ಬಂದಿಲ್ಲ. "ಛಲೋ ಆಗೇತಿ" ಅನ್ನೂ ಮಾತು. ಉಪ್ಪ ಸಾಕಾತೇನ್ರಿ ಅಂದ್ರ "ಹ್ಞೂಂ." ಕಡಿಮಿ ಆತೇನ್ರಿ ಅಂದ್ರ "ಹ್ಞೂಂ." ಉಪ್ಪ ಹಾಕೂದ ಮರತೇನ್ರಿ ಅಂದ್ರೂ "ಹ್ಞೂಂ." ಪುಣೇದ ಬಗ್ಗೆ ಮಾತ್ರ ಬಾಯಿ ಬಿಟ್ರ ಮುಚ್ಚಂಗಿಲ್ಲ. ಅದಕ್ಕ ನನಗ ಹೊಟ್ಟಿಕಿಚ್ಚು. ಹೌದ್ರಿ, ಹೊಟ್ಟಿಕಿಚ್ಚ! ಆ ಒಂದ ಮಾತು ಇವರ ಬಾಯಿಂದ ಕೇಳಬೇಕಂತ ನನ್ನ ಜೀವ ಎಷ್ಟ ಒದ್ದಾಡೈತಿ ಅನ್ನೂದು ನನಗ ಗೊತ್ತು, ನನ್ನ ಒಲಿಗೆ ಗೊತ್ತು.

ತೂತ ಬಿದ್ದ ಹಂಚು

ನಮ್ಮ ಮನಿ ರೊಟ್ಟಿ ಹಂಚು ಅತ್ಯಾರ ಕಾಲದ್ದು. ಒಂದು ದಿನ ರೊಟ್ಟಿ ಬೇಯಸಾಕತ್ತಿದ್ದೆ, ಹಂಚಿನ ನಡುವ ಉರಿ ಕಾಣಿಸ್ತು. ತೂತ ಬಿದ್ದಿತ್ತು. ಹೊಸಾ ಹಂಚ ತರ್ರಿ ಅಂದೆ. ನಮ್ಮ ಮನಿಯವ್ರು ಹಂಚು ಇಕ್ಕಳದಾಗ ಎತ್ತಿ ಬೆಳಕಿಗೆ ಹಿಡದ ನೋಡಿದ್ರು. "ಇಷ್ಟ ತೂತಿಗೆ ಹೊಸಾದ ಯಾಕ?" ಅಂತ ಸೈಕಲ್ಲಿಗೆ ಕಟಗೊಂಡ ವೆಲ್ಡಿಂಗ್ ಅಂಗಡಿಗೆ ಹೋದ್ರು. ಸುಡೂ ಹಂಚು ಹೋಗಿ ತಣ್ಣಗ ಆಗಿ ಬರೂದ್ರಾಗ ಹಿಟ್ಟು ನಾದಿದ್ದು ಒಣಗಿ ಹೋತು.

ವೆಲ್ಡಿಂಗ್ ಮಾಡಾಂವ ಕಬ್ಬಿನ ಟ್ರೇಲರ್ ಬೆಸಿಯಾಂವ. ಅವ ಹೇಳಿದನಂತ, "ಸಾವಕಾರ್ರ, ಹಂಚು ಬೆಸದದ್ದು ನಾ ಇದ ಮೊದಲ. ಆದ್ರ ಗ್ಯಾರಂಟಿ ಕೊಡತೇನ್ರಿ. ಇದರ ಮ್ಯಾಲ ಫುಲ್ ಲೋಡ್ ಕಬ್ಬು ಹೇರಿದ್ರೂ ಬಿಚ್ಚಂಗಿಲ್ಲ."

ಬಿಚ್ಚಲಿಲ್ಲ ಖರೆ. ಆದ್ರ ಬೆಸದ ಜಾಗಾ ದಪ್ಪ ಆಗಿ ಅಲ್ಲಿ ಕಾವ ಹತ್ತವಲ್ದು. ಅವತ್ತಿನಿಂದ ನಾ ಬೇಯಿಸಿದ ರೊಟ್ಟಿಗೆ, ಚಪಾತಿಗೆ, ಹೋಳಗಿಗೆ, ಎಲ್ಲಾದಕ್ಕೂ ಒಂದ ಬಾಜೂಕ ಹೆಬ್ಬಟ್ಟಿನಷ್ಟ ಬಿಳೀ ಚುಕ್ಕಿ. ನನಗ ಅಳೂನ ಬರಾಕತ್ತಿತ್ತು. ಇಷ್ಟ ಛಂದ ಲಟ್ಟಿಸಿದ ರೊಟ್ಟಿ, ಮಾರಿ ಮ್ಯಾಲ ತೊನ್ನ ಬಿದ್ದಂಗ! ಹೊಸಾ ಹಂಚ ತರೂತನಾ ನಾ ಬಿಡಂಗಿಲ್ಲ ಅಂತ ಕೂತೆ.

ನಮ್ಮ ಅತ್ಯಾರು ಒಂದ ರೊಟ್ಟಿ ಹೊಳ್ಳಿಸಿ ನೋಡಿದ್ರು. "ಇರಲಿ ಬಿಡ ಯವ್ವಾ. ಇನ್ನ ಮ್ಯಾಲ ನಮ್ಮ ಮನಿ ರೊಟ್ಟಿ ಕಳವಾದ್ರೂ ಗುರ್ತ ಸಿಗತಾವ" ಅಂದ್ರು.

ಫೋನಿನ್ಯಾಗಿನ ಮಿಸಳ್

ಊರಿಗೆ ಹೋದ ಗಂಡ ಫೋನ್ ಮಾಡಿದ್ರ ಏನ್ ಕೇಳಬೇಕು? ಮಗ್ಗ ನಡದಾವೇನು, ನಳಕ್ಕ ನೀರ ಬಂದಾವೇನು, ಅವ್ವ ಉಂಡಾಳೇನು. ಇವರದು ವಿಡಿಯೋ ಕಾಲ್ ಬಂತಂದ್ರ ಮೊದಲು ಕಾಣೂದು ತಾಟು. ಮಾರಿ ಆಮ್ಯಾಲ.

ಒಂದು ಸರತಿ ಹಿಂಗ ಫೋನ್ ಬಂತು. ಮಿಸಳ್ ತಿನ್ನಾಕ ಕೂತಿದ್ರು. ಮಡಕಿ ಕಾಳಿನ ಕೆಂಪನ ಸಾರು, ಮ್ಯಾಲ ಶೇವು, ಉಳ್ಳಾಗಡ್ಡಿ, ಬಾಜೂಕ ಪಾವು. ಅತ್ಯಾರ ಕೈಯಾಗ ಫೋನ್ ಕೊಟ್ಟೆ. ಮಗನ ಜೋಡಿ ಎರಡ ಮಾತ ಆಡಲಿ ಅಂತ.

"ಯವ್ವಾ, ಅರಾಮ ಅದಿಯೇನ?"

"ಅರಾಮ ಅದೇನಪಾ. ನೀ ಸ್ವಲ್ಪ ಆ ಕಡೆ ಸರಿ. ನಿನ್ನ ಮಾರಿ ಅಡ್ಡ ಬರಾಕತ್ತೈತಿ, ಬಟ್ಟಲದಾಗಿಂದು ಕಾಣವಲ್ದು."

ನಾ ನಕ್ಕೆ. ಆದ್ರ ನಗೂವಂಥಾದ್ದು ಏನೂ ಇರಲಿಲ್ಲ, ಯಾಕಂದ್ರ ಅವತ್ತ ನಾನೂ ಕಷ್ಟಪಟ್ಟ ಬದನಿಕಾಯಿ ಎಣಗಾಯಿ ಮಾಡಿದ್ದೆ. ಬದನಿಕಾಯಿ ಎಳೀವು, ಮಸಾಲಿ ಹೊಸಾದು. ಅತ್ಯಾರ ಮುಂದ ತಾಟ ಇಟ್ಟೆ. ಅವರು ಫೋನು ನೀರಿನ ತಂಬಿಗಿಗೆ ಆನಿಸಿ ನಿಲ್ಲಿಸಿದ್ರು. ಒಂದ ತುತ್ತ ರೊಟ್ಟಿ ಮುರದ್ರು, ಆ ಮಿಸಳ್ ನೋಡಿದ್ರು, ಬಾಯಾಗ ಇಟಗೊಂಡ್ರು. ಮತ್ತೊಂದ ಮುರದ್ರು, ಮಿಸಳ್ ನೋಡಿದ್ರು, ಬಾಯಾಗ ಇಟಗೊಂಡ್ರು. ಅಲ್ಲಿ ಮಗ ಬಟ್ಟಲಾ ಖಾಲಿ ಮಾಡಿದ, ಇಲ್ಲಿ ಅವ್ವ ರೊಟ್ಟಿ ಮುಗಿಸಿದ್ರು.

ಎಣಗಾಯಿ ತಾಟಿನ್ಯಾಗ ಹಂಗ ಇತ್ತು.

ಜಮಖಂಡಿ ಬಸ್ಸಿನ ಮಸ್ತಾನಿ

ಪುಣೇದಾಗ ಮಸ್ತಾನಿ ಅಂತ ಒಂದು ಸಿಹಿ ಐತಂತ. ಹಣ್ಣಿನ ದಪ್ಪನ ಹಾಲು, ಅದರ ಮ್ಯಾಲ ಐಸ್‌ಕ್ರೀಮಿನ ಗುಡ್ಡಿ, ಅದರ ಮ್ಯಾಲ ಗೋಡಂಬಿ ಚೂರು. ಅದರ ವರ್ಣನಾ ಮಾಡುವಾಗ ನಮ್ಮ ಮನಿಯವ್ರ ಕಣ್ಣು ಹಂಗ ಮುಚ್ಚಿ ಬಿಡತಿದ್ವು. ನನ್ನ ಮದವಿ ಸೀರಿ ನೋಡಿದಾಗೂ ಹಂಗ ಮುಚ್ಚಿದ್ದಿಲ್ಲ. ಮೈಯೆಲ್ಲಾ ಉರದ ಹೋತು. ಹಾಲು ನಮ್ಮಲ್ಲೆ ಇಲ್ಲೇನು? ಮಾವಿನ ಹಣ್ಣು ಇಲ್ಲೇನು? ಮಾಡೇ ಬಿಡತೇನಿ ಅಂತ ಸೆರಗ ಕಟ್ಟಿದೆ.

ಐಸ್‌ಕ್ರೀಮ್ ಮಾತ್ರ ಛಲೋದು ಬೇಕಿತ್ತು. ಬಾಜೂ ಮನಿ ಅಕ್ಕಾರು "ಜಮಖಂಡ್ಯಾಗ ಒಂದ ಅಂಗಡಿ ಐತಿ, ಅಲ್ಲಿದ ತರಬೇಕ ನೋಡ" ಅಂದ್ರು. ಹೋದೆ. ಡಬ್ಬಿ ತಗೊಂಡು, ಒದ್ದಿ ಟಾವೆಲ್ ಸುತ್ತಿ, ರೊಟ್ಟಿ ಡಬ್ಬ್ಯಾಗ ಇಟ್ಟು, ಚೀಲದಾಗ ಹಾಕಿ, ತೊಡಿ ಮ್ಯಾಲ ಇಟಗೊಂಡು ಬಸ್ ಹತ್ತಿದೆ. ಕೂಸಿನ್ನೂ ಯಾರೂ ಅಷ್ಟ ಜೋಪಾನ ಒಯ್ಯಂಗಿಲ್ಲ.

ಆದ್ರ ಕಬ್ಬಿನ ಸುಗ್ಗಿ ಇನ್ನೂ ಮುಗಿದಿರಲಿಲ್ಲ. ರಸ್ತಾದ ಮ್ಯಾಲ ಒಂದು ಟ್ರ್ಯಾಕ್ಟರ್ ಗಾಲಿ ಕುಂತಿತ್ತು. ಅದರ ಹಿಂದ ಮತ್ತೊಂದು, ಅದರ ಹಿಂದ ಮಗದೊಂದು, ಅದರ ಹಿಂದ ನಮ್ಮ ಬಸ್ಸು. ಡ್ರೈವರ್ ಇಂಜಿನ್ ಬಂದ್ ಮಾಡಿ ಎಲಿ ಅಡಿಕಿ ಹಾಕೊಳ್ಳಾಕ ಇಳದ. ಬಿಸಲು ಅಂದ್ರ ಬಿಸಲು. ಸ್ವಲ್ಪ ಹೊತ್ತಿಗೆ ಬಾಜೂಕ ಕೂತಿದ್ದ ಅಜ್ಜಾರು, "ಯವ್ವಾ, ನಿನ್ನ ಚೀಲ ಸೋರಾಕತ್ತೈತಿ ನೋಡ. ಮಜ್ಜಿಗಿ ಏನು?" ಅಂದ್ರು.

"ಅಲ್ರಿ ಅಜ್ಜಾರ, ಮಸ್ತಾನಿ" ಅಂದೆ. ಅಜ್ಜಾರು ಏನ ತಿಳಕೊಂಡ್ರೋ ಏನೋ, ಗಾಬರಿಯಾಗಿ ಆಚಿ ಸೀಟಿಗೆ ಹೋಗಿ ಕೂತ್ರು.

ಮನಿಗೆ ಬಂದು ಡಬ್ಬಿ ಬಿಚ್ಚಿದ್ರ ಐಸು ಇಲ್ಲ, ಕ್ರೀಮೂ ಇಲ್ಲ, ಸಿಹಿ ನೀರು. ಆದ್ರೂ ಬಿಡಲಿಲ್ಲ. ಮಾವಿನ ಹಣ್ಣ ಹಿಂಡಿ, ಹಾಲ ಹಾಕಿ, ಆ ನೀರೂ ಸುರುವಿ, ಗೋಡಂಬಿ ಉದುರಿಸಿ, ಎತ್ತರದ ಗಾಜಿನ ಗ್ಲಾಸಿನ್ಯಾಗ ಕೊಟ್ಟೆ. ಕೈ ಕಟಗೊಂಡ ಮುಂದ ನಿಂತೆ. ನಮ್ಮ ಮನಿಯವ್ರು ಒಂದ ಗುಟಕ ಕುಡದ್ರು. ಮತ್ತೊಂದ ಕುಡದ್ರು.

"ಹ್ಞೂಂ" ಅಂದ್ರು. ಆಮ್ಯಾಲ ಗ್ಲಾಸಿನ ತಳಾ ನೋಡಿ, "ಈ ಪಾಯಸಕ್ಕ ಶಾವಿಗಿ ಹಾಕೂದ ಮರತೀಯೇನು?" ಅಂದ್ರು.

ಬೀಳಗಿ ಮಿರ್ಚಿ

ಆಗ ನಾ ಅಂದ್ಕೊಂಡೆ, ಇದು ಹಿಂಗ ಬಗೆಹರಿಯಂಗಿಲ್ಲ. ಬರೇ ನನ್ನ ಹೊಟ್ಟಿ ಉರದ್ರ ಹ್ಯಾಂಗ? ಇವರ ಹೊಟ್ಟೀನೂ ಉರೀಬೇಕು. ಇವರಷ್ಟ ತಿರುಗಿ ತಿನ್ನಾವ್ರೇನು? ನಮ್ಮ ಕಡೆ ಹೋಟೆಲ್ ಇಲ್ಲೇನು?

ಬಾಜೂ ಮನಿ ಅಕ್ಕಾರ ತಂಗಿ ಮನಿ ಬೀಳಗ್ಯಾಗ ಐತಿ. ಅಕಿ ಮಗಳ ತೊಟ್ಟಲಕ್ಕ ನಾವಿಬ್ಬರೂ ಹೋಗಿದ್ದಿವಿ. ನಮ್ಮ ಮನಿಯವ್ರು ಅವತ್ತ ಪುಣೇದಾಗ ಇದ್ರು. ಹೊಳ್ಳಿ ಬರುವಾಗ ಬಸ್‌ಸ್ಟ್ಯಾಂಡ್ ಎದರಿಗೆ ಒಂದು ಸಣ್ಣ ಹೋಟೆಲ್ಲು, ಬಿಸಿ ಬಿಸಿ ಮಿರ್ಚಿ ಭಜಿ ತಗಿಯಾಕತ್ತಿದ್ದ. ವಾಸನಿ ನಮ್ಮ ಕಾಲ ಕಟ್ಟಿ ಹಾಕಿತು. ಒಂದ ಪ್ಲೇಟ್ ಮಿರ್ಚಿ, ಒಂದ ಪ್ಲೇಟ್ ಚುರಮುರಿ ಗಿರಮಿಟ್ಟು ಹೇಳಿದೆ. ಫೋಟೋ ತಗಿಯಾಕ ಫೋನ್ ಕೈಯಾಗ ತಗೊಂಡೆ. ಅಷ್ಟರಾಗ ಅಕ್ಕಾರು ಒಂದ ಮಿರ್ಚಿ ಎತ್ತಿ ಕಚ್ಚಿಬಿಟ್ರು.

"ಅಕ್ಕಾರ, ತಡೀರಿ! ಪ್ಲೇಟ್ ಬೋಳ ಕಾಣಸ್ತೈತಿ."

"ಹಸಿವ್ಯಾಗ ಫೋಟೋ ಎಲ್ಲಿದ ಬೇ?"

ಹೋಟೆಲ್ ಮಾಲಕ ಭಾಳ ಹುರುಪಿನವ. ಮತ್ತೊಂದ ಮಿರ್ಚಿ ತಂದಿಟ್ಟ, ಉಳ್ಳಾಗಡ್ಡಿ ದುಂಡಕ ಹೆಚ್ಚಿ ಸುತ್ತ ಇಟ್ಟ, ಗಿರಮಿಟ್ಟಿನ ಮ್ಯಾಲ ಶೇವು ಉದುರಿಸಿದ, ತಾನೂ ಕೂದಲಾ ಹಿಕ್ಕೊಂಡ ಹಿಂದ ಬಂದ ನಿಂತ. ನಾ ಪ್ಲೇಟ ಎತ್ತಿ ಬೆಳಕಿಗೆ ಹಿಡದೆ. ನಮ್ಮ ಬಸ್ಸಿನ ಕಂಡಕ್ಟರ್ ಸೀಟಿ ಊದಿ ಊದಿ ಸಾಕಾಗಿ ಬಾಗಲಕ್ಕ ಬಂದ. "ಅಕ್ಕಾರ, ಫೋಟೋ ಆತೇನ್ರಿ? ಬಸ್ಸಿನ್ಯಾಗ ಎಲ್ಲಾರೂ ನಿಮ್ಮ ಮಿರ್ಚಿ ಆರತೈತಿ ಅಂತ ಚಿಂತಿ ಮಾಡಾಕತ್ತಾರ."

ಅಂತೂ ಫೋಟೋ ಭಾಳ ಛಂದ ಬಂತು. ನಮ್ಮ ಮನಿಯವ್ರಿಗೆ ಕಳಿಸಿದೆ. ನೋಡಿದ ಗುರ್ತು ನೀಲಿ ಆತು. ಬಸ್ಸಿನ್ಯಾಗ ಫೋನು ಕೈಯಾಗ ಹಿಡಕೊಂಡ ಕಾದೆ. ಈಗ ಉರೀತೈತಿ ನೋಡು, ಈಗ ಬಾಯಾಗ ನೀರ ಬರತೈತಿ ನೋಡು ಅಂತ. ಜಮಖಂಡಿ ಮುಟ್ಟೂದ್ರಾಗ ಉತ್ತರ ಬಂತು.

"ಕೈಯಾಗಿನ ಹೊಸಾ ಬಳಿ ಯಾವಾಗ ತಗೊಂಡಿ?"

ಮಾವಶಿ

ಇಷ್ಟೆಲ್ಲಾ ಆದ್ರೂ ನಾ ತಡಕೊಂಡಿದ್ದೆ. ಮಿಸಳ್ ಪುಣೇದವ್ರದು, ಮಸ್ತಾನಿ ಪುಣೇದವ್ರದು. ಅವರ ತಿಂಡಿ ಅವರ ಛಲೋ ಮಾಡತಾರ, ಮಾಡ್ಲಿ. ಆದ್ರ ಒಂದ ದಿನ ನಮ್ಮ ಮನಿಯವ್ರು ಪುಣೇದಿಂದ ಬಂದವ್ರು ಚಪ್ಪಲಿ ಬಿಡೂಕಿಂತ ಮೊದಲ, "ಅಲ್ಲೊಬ್ಬಾಕಿ ಮಾವಶಿ ಅದಾಳ, ಗಲ್ಲ್ಯಾಗ ಖಾನಾವಳಿ ಇಟ್ಟಾಳ. ಶೇಂಗಾ ಹೋಳಗಿ ಅಂದ್ರ ಶೇಂಗಾ ಹೋಳಗಿ! ಜೀವನದಾಗ ಅಂಥಾದ್ದ ತಿಂದಿಲ್ಲ ನೋಡ" ಅಂದ್ರು. ಮಾವಶಿ ಅಂದ್ರ ಮರಾಠ್ಯಾಗ ಚಿಗವ್ವ.

ನನ್ನ ಕೈಯಾಗಿನ ನೀರಿನ ಚರಿಗಿ ಹಂಗ ನಿಂತತು. ಶೇಂಗಾ ಹೋಳಗಿ ನಂದು! ನಮ್ಮವ್ವ ಮುಧೋಳದಾಕಿ, ಅಕಿ ಕಡೆಯಿಂದ ಕಲತದ್ದು. ಗಾಣದ ಬೆಲ್ಲ, ಹುರದ ಶೇಂಗಾ, ಎಳ್ಳು, ಸ್ವಲ್ಪ ಒಣಶುಂಠಿ. ನಮ್ಮ ಮನಿಯವ್ರು ಪುಣೇಕ್ಕ ಹೋಗುವಾಗ ಪ್ರತಿ ಸರತಿ ಬುತ್ತಿ ಕಟ್ಟತೇನಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅದರ ಮ್ಯಾಲ ಹೋಳಗಿ. ದೂರದ ಊರಿಗೆ ಹೋಗಾವ್ರಿಗೆ ಬುತ್ತಿ ಕಟ್ಟಲಾರದ ಕಳಸೂದು ನಮ್ಮಲ್ಲಿ ಪದ್ಧತಿ ಅಲ್ಲ.

"ಮತ್ತ ನಾ ಕಟ್ಟಿದ್ದ ಹೋಳಗಿ?" ಅಂದೆ.

"ಹ್ಞೂಂ" ಅಂದ್ರು.

ಅವತ್ತಿನಿಂದ ನನಗ ನಿದ್ದಿ ಹತ್ತಲಿಲ್ಲ. ಆ ಮಾವಶಿ ಹ್ಯಾಂಗ ಇರಬೇಕು? ನಲವತ್ತರ ಒಳಗಿನಾಕಿ ಇರಬೇಕು, ಬೆಳ್ಳಗ ಇರಬೇಕು, ನಕ್ಕೋತ ಬಡಸಬೇಕು. ನಾ ಮುಂದಿನ ಸರತಿ ಹೋಳಗಿಗೆ ಒಣಕೊಬ್ಬರಿ ಹೆರದ ಹಾಕಿದೆ. ನಮ್ಮ ಮನಿಯವ್ರು ಹೋಗಿ ಬಂದ್ರು. "ಈ ಸರತಿ ಮಾವಶಿ ಒಣಕೊಬ್ಬರಿ ಹಾಕಿದ್ಲು. ಏನ ತಲಿ ಅಕೀದು!" ಅಂದ್ರು.

ಅಯ್ಯ ನನ್ನ ಶಿವನ! ನನಗ ಹೊಳದದ್ದು ಅಕಿಗೆ ಹ್ಯಾಂಗ ಹೊಳೀತು? ಅದರ ಮುಂದಿನ ಸರತಿ ಗಸಗಸಿ ಹಾಕಿದೆ. ಇವರು ಬಂದು, "ಮಾವಶಿ ಗಸಗಸಿ ಹಾಕಿದ್ಲು ನೋಡ, ಬಾಯಾಗ ಕಟಕಟ ಅಂತೈತಿ" ಅಂದ್ರು. ಜಾಜಿಕಾಯಿ ತೇದ ಹಾಕಿದೆ, ಆ ಹಾಳಾದಾಕೀನೂ ಜಾಜಿಕಾಯಿ ಹಾಕಿದ್ಲು. ನನಗ ಖಾತ್ರಿ ಆಗಿ ಹೋತು, ಈಕಿ ಮಾಟಾ ಮಾಡಾಕಿ. ಅತ್ಯಾರ ಮುಂದ ಹೇಳಿದ್ರ, "ಅಕಿ ಭಾಳ ಶ್ಯಾಣೆ ಅದಾಳ. ಒಮ್ಮೆ ಕರಕೊಂಡ ಬಾ ಅನ್ನು" ಅಂದ್ರು.

ಒಂದು ತಿಂಗಳ ನಮ್ಮವ್ವಗ ಮೈಯಾಗ ಅರಾಮ ಇರಲಿಲ್ಲ ಅಂತ ನಾ ಮುಧೋಳಕ್ಕ ಹೋಗಿದ್ದೆ. ನಮ್ಮ ಮನಿಯವ್ರು ಬುತ್ತಿ ಇಲ್ಲದ ಪುಣೇಕ್ಕ ಹೋದ್ರು. ನಾ ಹೊಳ್ಳಿ ಮನಿಗೆ ಬಂದೆ, ಇವರು ಕಂಬಕ್ಕ ಬೆನ್ನ ಹಚ್ಚಿ ಮಾರಿ ಸಣ್ಣ ಮಾಡ್ಕೊಂಡ ಕೂತಿದ್ರು. ನಾ ಕರಗಿ ಹೋದೆ. ಎಷ್ಟಂದ್ರೂ ನಾ ಇಲ್ಲದ ಮನಿ ಬಿಕೋ ಅಂದಿರಬೇಕು ಅಂತ ಹತ್ತರ ಹೋಗಿ, "ಯಾಕ್ರಿ, ಏನಾತು?" ಅಂದೆ.

"ಈ ಸರತಿ ಮಾವಶಿ ಕಡೆ ಹೋಳಗೀನ ಇರಲಿಲ್ಲ" ಅಂದ್ರು.

ಪುಣೇದ ಗಲ್ಲಿ

ಅವತ್ತ ಗಟ್ಟಿ ಮಾಡಿದೆ, ಈಕಿನ್ನ ಕಣ್ಣಾರೆ ನೋಡಾಕ ಬೇಕು. "ಪುಣೇದಾಗ ಹಂಚು ಛಲೋ ಸಿಗತಾವಂತ, ನಾನ ನೋಡಿ ತಗೊಂತೇನಿ" ಅಂತ ಹಠಾ ಹಿಡದೆ. ಅತ್ಯಾರೂ ನನ್ನ ಕಡೆ ಆದ್ರು. "ಹೋಗಿ ಬಾ. ಬರುವಾಗ ಆ ಕೆಂಪ ಸಾರಿನ್ದು ಒಂದ ಡಬ್ಬಿ ತಾ" ಅಂದ್ರು.

ನಮ್ಮ ಮಗ್ಗದ್ದ ಒಂದ ಛಲೋ ಸೀರಿ ಉಟಗೊಂಡೆ. ಬುತ್ತೀನೂ ಕಟ್ಟಿದೆ. ಈ ಸರತಿ ಹೋಳಗ್ಯಾಗ ಒಂದ ಹನಿ ಕೇಸರಿ ಹಾಲು ಹಾಕಿದ್ದೆ, ನೋಡೂಣು ಆ ಮಾಟಗಾತಿಗೆ ಇದೂ ಹೊಳೀತೈತೇನು ಅಂತ. ಮುಂಜಾನೆ ಪುಣೇಕ್ಕ ಮುಟ್ಟಿ ಲಾಡ್ಜಿಗೆ ಹೋದಿವಿ. ನಾ ಮಾರಿ ತೊಳಕೊಂಡ ಬರೂದ್ರಾಗ ಬುತ್ತಿ ಚೀಲ ಮಾಯ.

"ಬುತ್ತಿ ಎಲ್ರಿ?"

"ಕೆಳಗ ಮ್ಯಾನೇಜರ್ ಕಡೆ ಇಟ್ಟೇನಿ. ಈ ಖೋಲ್ಯಾಗ ಇಲಿ ಭಾಳ ಅದಾವ."

ನಂಬಿದೆ. ಇಲಿ ಇದ್ರ ಏನ್ ಮಾಡೂದು ಮತ್ತ.

ಅವತ್ತ ಇವರು ನನಗ ಪುಣೆ ತೋರಿಸಿದ್ರು. ಗುಡಿ ತೋರಸಲಿಲ್ಲ, ಕೋಟಿ ತೋರಸಲಿಲ್ಲ. ಒಂದ ಗಲ್ಲ್ಯಾಗ ಮಿಸಳ್, ಒಂದ ಗಲ್ಲ್ಯಾಗ ಚಹಾ, ಒಂದ ಮೂಲ್ಯಾಗ ಬಿಸಿ ಜಿಲೇಬಿ. ಕೊಂಕ ಹೇಳಿ ಬರಬೇಕಂತ ಹೋದಾಕಿ ನಾ. ಮಿಸಳ್ ಒಂದ ತುತ್ತ ತಿಂದೆ, ಹಾಳಾದ್ದು ಛಲೋ ಇತ್ತು. ಜಿಲೇಬೀನೂ ಛಲೋ ಇತ್ತು. ಮಸ್ತಾನಿ ಕುಡದಾಗ ಮಾತ್ರ ನನ್ನ ಕಣ್ಣೂ ತಾವ ಮುಚ್ಚಿದ್ವು, ಇವರಿಗೆ ಕಾಣಬಾರದು ಅಂತ ಗಡಬಡಿಸಿ ತಗದೆ.

ಹೊತ್ತ ಮುಳಗೂದ್ರಾಗ ಮಾವಶಿ ಖಾನಾವಳಿ. ಸಣ್ಣ ಗಲ್ಲಿ, ಬಾಗಲದಾಗ ತುಳಸಿ, ಒಳಗ ಗ್ವಾಡಿಗೆ ಹಚ್ಚಿ ಕೂಡಾಕ ಬಾಕು. ನಾ ಸೆರಗ ಸರಿ ಮಾಡ್ಕೊಂಡು, ಮಾರಿ ಬಿಗದು ಒಳಗ ಹೋದೆ. ಒಳಗಿಂದ ಒಬ್ಬಾಕಿ ಬಂದ್ಲು. ನಮ್ಮ ಅತ್ಯಾರಿಗಿಂತ ದೊಡ್ಡಾಕಿ, ಬೆನ್ನ ಬಾಗೇತಿ, ದಪ್ಪನ ಚಷ್ಮಾ, ಮುಂದಿನ ಹಲ್ಲ ಇಲ್ಲ. ಅಕೀನ ಮಾವಶಿ. ನನ್ನ ಅರ್ಧಾ ಹೊಟ್ಟಿಕಿಚ್ಚು ಅಲ್ಲೆ ಬಾಗಲದಾಗ ಇಳೀತು. ಉಳದರ್ಧಾ ಹೋಳಗಿ ಸಲುವಾಗಿ ಇಟಗೊಂಡೆ.

ಮಾವಶಿ ತವರಮನಿ ಸೊಲ್ಲಾಪುರ ಕಡೆ, ಕನ್ನಡ ಬರತಿತ್ತು. "ಇವರು ನಮ್ಮ ಖಾಸ ಗಿರಾಕಿ. ನೀ ಹೆಂಡತಿ ಏನವಾ? ಕೂಡ್ರು" ಅಂತ ಕಡ್ಲಿ ಹಿಟ್ಟಿನ ಪಿಟ್ಲ, ಜ್ವಾಳದ ಭಕ್ಕರಿ ಬಡಿಸಿದ್ಲು. ಉಂಡಿವಿ. ಆಮ್ಯಾಲ ಒಳಗ ಹೋಗಿ ಎರಡ ಸಣ್ಣ ತಾಟು ತಂದ್ಲು. ಬೆಚ್ಚಗ ಮಾಡಿದ ಹೋಳಗಿ, ಮ್ಯಾಲ ತುಪ್ಪ ಹರೀತಿತ್ತು.

ನಮ್ಮ ಮನಿಯವ್ರು ಒಂದ ತುತ್ತ ಬಾಯಾಗ ಇಟಗೊಂಡು ಕಣ್ಣ ಮುಚ್ಚಿದ್ರು. "ಆಹಾಹಾ! ಈ ಸರತಿ ಕೇಸರಿ! ನೋಡ, ಹೋಳಗಿ ಅಂದ್ರ ಇದು. ಕೇಳಿ ಕಲತಗೋ."

ಕೇಸರಿ ಅಂದ ಕೂಡಲೇ ನಾ ತಾಟ ಹತ್ತರ ಎಳಕೊಂಡೆ. ನನ್ನ ತಾಟಿನ್ಯಾಗಿನ ಹೋಳಗಿ ಎತ್ತಿದೆ. ಹೊಳ್ಳಿಸಿದೆ. ತುಪ್ಪದ ಕೆಳಗ, ಒಂದ ಬಾಜೂಕ, ಹೆಬ್ಬಟ್ಟಿನಷ್ಟ ಬಿಳೀ ಚುಕ್ಕಿ.

ಹೋಳಗಿ ತಾಟಿನ್ಯಾಗ ಇಟ್ಟು, "ಮಾವಶಿ, ಇದು ನೀವ ಮಾಡಿದ್ದೇನ್ರಿ?" ಅಂದೆ.

"ನಾ ಎಲ್ಲಿ ಮಾಡಲವಾ! ನನ್ನ ತಮ್ಮ ಲಾಡ್ಜಿನ್ಯಾಗ ಮ್ಯಾನೇಜರ್ ಅದಾನ. ಅಲ್ಲಿಗೆ ಯಾವನೋ ಒಬ್ಬ ಗಿರಾಕಿ ಬರತಾನಂತ. ಹೆಂಡತಿ ಪಾಪ ಕಟ್ಟಿ ಕಳಸತಾಳ, ಈ ಮಬ್ಬ ಬಿಚ್ಚಿ ಸೈತ ನೋಡಂಗಿಲ್ಲ. ಹೊರಗ ತಿನ್ನೂ ಚಟಾ. ಚೀಲದ ಸಮೇತ ನನ್ನ ತಮ್ಮಗ ಕೊಟ್ಟ ಹೋಗತಾನಂತ. ಅವ ನನಗ ತಂದ ಕೊಡತಾನ. ನಾ ಬಿಸಿ ಮಾಡಿ, ತುಪ್ಪ ಹಾಕಿ, ನನ್ನ ಛಲೋ ಗಿರಾಕಿಗೆ ಇಷ್ಟಿಷ್ಟ ಕೊಡತೇನಿ."

ನಮ್ಮ ಮನಿಯವ್ರಿಗೆ ಠಸಕಿ ಹತ್ತಿತು. ಮಾವಶಿ ನೀರ ಕೊಟ್ಟು, ಬೆನ್ನ ತಟ್ಟಿ, ನನಗ ಹೋಳಗಿ ತೋರಿಸಿ, "ನೋಡು, ಒಂದೊಂದಕ್ಕೂ ದೃಷ್ಟಿ ಚುಕ್ಕಿ ಇಟ್ಟಾಳ. ಗಂಡಗ ದೃಷ್ಟಿ ಆಗಬಾರದಂತ. ಎಷ್ಟ ಜೀವ ಇರಬೇಕ ಅಕಿಗೆ ಅವನ ಮ್ಯಾಲ!" ಅಂದ್ಲು.

"ಅದು ವೆಲ್ಡಿಂಗ್ ರಿ ಮಾವಶಿ" ಅಂದೆ.

ಎಲ್ಲಾ ಹೇಳಿದೆ. ಹಂಚು, ತೂತು, ಕಬ್ಬಿನ ಟ್ರೇಲರ್ ಬೆಸಿಯಾಂವ, ಕೊಬ್ಬರಿ, ಗಸಗಸಿ, ಜಾಜಿಕಾಯಿ. ಮಾವಶಿ ನಕ್ಕು ನಕ್ಕು ಬಾಕಿನ ಮ್ಯಾಲ ಕೂತ್ಲು. ಆಮ್ಯಾಲ ಚಷ್ಮಾ ತಗದು ಕಣ್ಣ ಒರಸಕೊಂಡು ನನ್ನ ಕೈ ಹಿಡದ್ಲು.

"ಖರೆ ಹೇಳಲೇ? ನಿನ್ನ ಮಾರಿ ನೋಡದನ ನನಗ ನಿನ್ನ ಮ್ಯಾಲ ಭಾಳ ಹೊಟ್ಟಿಕಿಚ್ಚಿತ್ತ. ಜೀವ ತೇದು ಪಿಟ್ಲ ಮಾಡಾಕಿ ನಾ. ಉಂಡವ್ರು ಕೈ ತೊಳಕೊಂಡು, ಹೋಳಗಿ ಐತೇನ ಮಾವಶಿ ಅಂತಾರ."

ನನ್ನ ಕಣ್ಣಾಗ ನೀರ ಬಂದ್ವು. ಇಷ್ಟ ವರ್ಷ ನಾ ಒಬ್ಬಾಕೀನ ಉರಕೊಂಡೇನಿ ಅಂತ ತಿಳಕೊಂಡಿದ್ದೆ. ಪುಣೇದ ಗಲ್ಲ್ಯಾಗ ಒಬ್ಬಾಕಿ ಮುದುಕಿ ನನ್ನ ಸಲುವಾಗಿ ಉರಕೋತ ಕೂತಿದ್ಲು. ಅಂಥಾ ಸಂತೋಷ ನನಗ ಎಂದೂ ಆಗಿರಲಿಲ್ಲ.

ನಾ ನಮ್ಮ ಮನಿಯವ್ರ ಕಡೆ ಹೊಳ್ಳಿದೆ. "ಈಗ ಹೇಳ್ರಿ. ಹೋಳಗಿ ಹ್ಯಾಂಗ ಆಗೇತಿ?"

ನೆಲಾ ನೋಡಿದ್ರು, ತಾಟ ನೋಡಿದ್ರು. "ಹ್ಞೂಂ" ಅಂದ್ರು.

ಮಾವಶಿ ಸೌಟ ಎತ್ತಿದ್ಲು. "ಹ್ಞೂಂ ಅಂದ್ರೇನೋ?"

"ಛಲೋ ಆಗೇತಿ" ಅಂದ್ರು ನಮ್ಮ ಮನಿಯವ್ರು. ಅಲ್ಲಿ ಕೂತು ಉಣ್ಣಾಕತ್ತಿದ್ದ ಗಿರಾಕಿಗೋಳೂ ಕೇಳಿಸಕೊಂಡ್ರು. ನಾ ಮತ್ತೊಮ್ಮೆ ಹೇಳಸಿದೆ.

ಎರಡ ಗಂಟು

ಮರುದಿನ ನಮ್ಮ ಮನಿಯವ್ರು ತಾವ ಪ್ಯಾಟಿಗೆ ಕರಕೊಂಡ ಹೋಗಿ, "ಯಾವ ಹಂಚ ಬೇಕು ಆರಿಸಕೋ" ಅಂದ್ರು. ನಾ ಬ್ಯಾಡ ಅಂದೆ. ಗುರ್ತಿನ ಹಂಚು ಬಿಟ್ಟ ಕೊಡಾಕ ನನಗೇನ ಹುಚ್ಚ ಹಿಡದೈತೇನು?

ಈಗ ತಿಂಗಳಾ ಎರಡ ಗಂಟು ಕಟ್ಟತೇನಿ. ಒಂದು ಇವರಿಗೆ, ಒಂದು ಮಾವಶಿಗೆ. ಒಂದ ಕಣಕ, ಒಂದ ಹೂರಣ, ಒಂದ ಹಂಚು. ಬದಲಿ ಆಗಬಾರದಂತ ಮಾವಶಿ ಗಂಟಿಗೆ ಕೆಂಪ ದಾರಾ ಕಟ್ಟತೇನಿ. ಲಾಡ್ಜ್ ಮ್ಯಾನೇಜರಗ ಏನೂ ಕೊಡಬ್ಯಾಡ್ರಿ, ನಿಮ್ಮದು ನೀವ ತಿನ್ರಿ ಅಂತ ತಾಕೀತ ಮಾಡಿ ಕಳಿಸೇನಿ.

ಹಂಗ ಹೋದ ಮೊದಲನೇ ಸರತಿ ಹೊಳ್ಳಿ ಬಂದ್ರು. ಚಪ್ಪಲಿ ಬಿಟ್ರು, ಕೈಕಾಲ ತೊಳಕೊಂಡ್ರು. ನಾ ಕೇಳೂಕಿಂತ ಮೊದ್ಲ ತಾವ ಹೇಳಿದ್ರು, "ನನ್ನ ಗಂಟಿನ ಹೋಳಗಿ ತಿಂದೆ. ಛಲೋ ಆಗಿದ್ವು."

ನನಗ ನೆಲದ ಮ್ಯಾಲ ಕಾಲ ನಿಲ್ಲವಲ್ವು. ಅತ್ಯಾರೂ ಮಾಳಿಗಿ ನೋಡಿದ್ರು, ಮಳಿ ಬಂತೇನು ಅಂತ. ಚಹಾಕ್ಕ ಒಂದ ಚಮಚಾ ಸಕ್ರಿ ಹೆಚ್ಚಿಗೀನ ಹಾಕಿ ತಂದ ಕೊಟ್ಟೆ.

ನಮ್ಮ ಮನಿಯವ್ರು ಚಹಾ ಗುಟಕರಿಸಿ, ಬಾಗಲಾ ನೋಡಿ, ದನಿ ಸಣ್ಣ ಮಾಡಿ ಅಂದ್ರು, "ಆದ್ರ ಖರೆ ಹೇಳಲೇ? ಮಾವಶಿ ಕಡೆ ಹೋಗಿದ್ದೆ. ಅಕಿ ಕೆಂಪ ದಾರದ ಗಂಟ ಬಿಚ್ಚಿ ಒಂದ ಕೊಟ್ಲು. ಏನ ಹೇಳಲಿ, ಅದರ ರುಚೀನ ಬ್ಯಾರೆ ನೋಡ!"

ಈಗ ನನಗ ನನ್ನ ಹೋಳಗಿ ಮ್ಯಾಲೇ ಹೊಟ್ಟಿಕಿಚ್ಚು ಬರಾಕತ್ತೈತಿ.